ಗುಳೆ ಹೋದ ಕೂಸಿನ ಊಟ ಯಾರ ಲೆಕ್ಕದಲ್ಲಿ?

ಮಾನ್ಯ ಸಂಪಾದಕರೇ,

ಗುಳೆ ಹೊರಟವರ ಫೋಟೊ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ, ಪಾತ್ರೆ ತುಂಬಿದ ಚೀಲ, ಅವ್ವನ ಬಗಲಲ್ಲಿ ಕೂಸು. ಆ ಕೂಸಿನ ಬಗ್ಗೆ ಈ ಪತ್ರ. ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ.

ಕೊಪ್ಪಳ ಜಿಲ್ಲೆ ಅಂದ್ರೆ ಹೊರಗಿನವರಿಗೆ ಗಂಗಾವತಿಯ ಭತ್ತದ ಗದ್ದೆ ನೆನಪಾಗುತ್ತದೆ. ಆ ಕಾಲುವೆ ನೀರು ನಮ್ಮ ಊರಿಗಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಿನ ಹೊಲಗಳು ಮಳೆ ನಂಬಿದವು. ಬರ ಬಿದ್ದ ವರ್ಷ ಜನ ಹೋಗುವುದು ಮೊದಲಿಂದಲೂ ಇತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆ ಆದಾಗಂತೂ ನಮ್ಮ ಓಣಿಗಳಲ್ಲಿ ಮುದುಕರೇ ಉಳಿದಿದ್ದರು. ಆದರೆ ಈಗ ಮಳೆ ಆದ ವರ್ಷವೂ ಹೋಗುತ್ತಾರೆ. ಮಿರಗದಲ್ಲಿ, ಅಂದ್ರೆ ಮೃಗಶಿರಾ ಮಳೆಗೆ, ಬಿತ್ತಿದ ಹೆಸರು ಬೆಳೆ ಬಾಡುವಾಗ ಒಂದು ಹನಿ ಇಲ್ಲ. ಕಾಯಿ ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದು ಕಾಯಿಯಲ್ಲೇ ಕಾಳು ಮೊಳಕೆ ಒಡೆಯುತ್ತದೆ. ಅಂಥ ಹೆಸರನ್ನು ಪೇಟೆಯಲ್ಲಿ ಯಾರು ಕೊಳ್ಳುತ್ತಾರೆ? ಬೆಳೆ ಪರಿಹಾರ ಬಂದರೂ ಪಹಣಿ ಇದ್ದವರ ಖಾತೆಗೆ ಬೀಳುತ್ತದೆ. ಪಾಲಿಗೆ ಮಾಡಿದವರ ಕೈಗೆ ಸಾಲ ಅಷ್ಟೇ. ಹಿಂಗಾರಿ ಬಿತ್ತನೆ ಮುಗಿದು ದೀಪಾವಳಿ ಆಗುತ್ತಿದ್ದಂತೆ ಮಂಗಳೂರು, ಉಡುಪಿ, ಗೋವಾ, ಬೆಂಗಳೂರು ಅಂತ ಹೊರಡುತ್ತಾರೆ.

ನಮ್ಮ ಕೇಂದ್ರದಲ್ಲಿ ಒಂದು ಬಣ್ಣದ ಪಟ್ಟಿ ಇದೆ. ಕೂಸಿನ ಎಡ ರಟ್ಟೆಗೆ ಸುತ್ತಿ ನೋಡುವುದು. 12.5 ಸೆಂಟಿಮೀಟರ್ ದಾಟಿದರೆ ಹಸಿರು. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ. ನಡುವೆ ಹಳದಿ. ಮಂಗಳೂರಿಗೆ ಹೋದ ಒಂದು ಮನೆಯ ಹುಡುಗಿ, ಎರಡು ತುಂಬಿತ್ತು, ಹೋಗುವಾಗ ಹಸಿರಿನಲ್ಲಿದ್ದಳು. ಯುಗಾದಿಗೆ ಬಂದಾಗ ಪಟ್ಟಿ ಕೆಂಪಿಗೆ ಬಂತು. "ಇನ್ನೊಮ್ಮೆ ಸುತ್ತಿ ನೋಡ್ರಿ ಅಕ್ಕೋರೆ" ಅಂದಳು ಅವಳವ್ವ. ಸುತ್ತಿದೆ. ಅಷ್ಟೇ ಬಂತು. ಅಲ್ಲಿ ಬೆಳಗ್ಗೆ ಚಹಾ-ಬಿಸ್ಕತ್ತು, ಮಧ್ಯಾಹ್ನ ಉಳಿದ ಅನ್ನ. ನೋಡಿಕೊಂಡವಳು ಎಂಟು ವರ್ಷದ ಅಕ್ಕ, ಅವಳು ಮೂರನೇ ಕ್ಲಾಸ್ ಅರ್ಧಕ್ಕೆ ಬಿಟ್ಟು ಹೋಗಿದ್ದಳು. ದಿನವಿಡೀ ಸಿಮೆಂಟ್ ಪುಟ್ಟಿ ಹೊರುವ ಆ ತಾಯಿಯನ್ನು ಯಾರೂ ಬೈಯಬಾರದು.

ಅಂಗನವಾಡಿಯ ಮೊಟ್ಟೆ, ಹಾಲು, ಗರ್ಭಿಣಿಯರಿಗೆ ಮಾತೃಪೂರ್ಣದ ಬಿಸಿಯೂಟ, ಇವೆಲ್ಲಾ ನಮ್ಮ ಊರಲ್ಲಿದ್ದರೆ ಮಾತ್ರ ಉಂಟು. ರೇಷನ್ ಅಕ್ಕಿಯನ್ನು ದೇಶದ ಯಾವ ಊರಲ್ಲಾದರೂ ಪಡೆಯುವ ವ್ಯವಸ್ಥೆ ಬಂದಿದೆ. ಕೂಸಿನ ಹೆಸರನ್ನೂ ಅಂಗನವಾಡಿಯ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಬೇರೆ ಕೇಂದ್ರಕ್ಕೆ ವರ್ಗಾಯಿಸಬಹುದು. ಆದರೆ ಮೊಬೈಲಿನಲ್ಲಿ ಹೆಸರು ಹೋದರೆ ಊಟ ಸಿಕ್ಕಿತು ಅಂತಲ್ಲ. ಕೂಲಿಯವರು ಏಳಕ್ಕೆಲ್ಲ ಕೆಲಸಕ್ಕೆ ಹತ್ತುತ್ತಾರೆ, ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಅವರು ಇರುವ ಶೆಡ್ಡು ಒಂದು ಕಡೆ, ಕೇಂದ್ರ ಇನ್ನೊಂದು ಕಡೆ. ಕರೆದೊಯ್ಯುವವರು ಯಾರು?

50ಕ್ಕಿಂತ ಜಾಸ್ತಿ ಹೆಣ್ಣಾಳುಗಳಿರುವ ಕಟ್ಟಡ ಕೆಲಸದಲ್ಲಿ ಮಕ್ಕಳಿಗೆ ಕೋಣೆ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮವರು ಹೋಗುವುದು ಎರಡು-ಮೂರು ಅಂತಸ್ತಿನ ಮನೆ ಕೆಲಸಕ್ಕೆ. ಅಲ್ಲಿ ಐದಾರು ಕುಟುಂಬ ಇದ್ದರೆ ಹೆಚ್ಚು. ಹಾಗಾಗಿ ಒಂದೊಂದು ಕಟ್ಟಡ ಅಂತ ಎಣಿಸಬೇಡಿ, ಇಡೀ ಬಡಾವಣೆ ಅಂತ ಎಣಿಸಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಮಕ್ಕಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ಘೋಷಿಸಿತು. ಒಳ್ಳೆಯ ಯೋಜನೆ, ಮನಸಾರೆ ಹೇಳುತ್ತೇನೆ. ಅಂಥದ್ದೇ ಮನೆ ಗುಳೆ ಹೋದವರ ಶೆಡ್ಡುಗಳ ಹತ್ತಿರ, ಕೂಲಿ ಶುರುವಾಗುವ ಹೊತ್ತಿಗೇ ತೆರೆಯಲಿ.

ನಮ್ಮ ಕಡೆಯಿಂದ ಆಗಬೇಕಾದ್ದೂ ಇದೆ. ದಸರೆಗೆ ಮುಂಚೆಯೇ ಪ್ರತಿ ಪಂಚಾಯಿತಿ ಗುಳೆ ರಿಜಿಸ್ಟರ್ ಇಡಲಿ. ಯಾರು, ಎಲ್ಲಿಗೆ, ಮೇಸ್ತ್ರಿಯ ಫೋನ್ ನಂಬರ್, ಜೊತೆಗೆ ಎಷ್ಟು ಮಕ್ಕಳು, ಬಸುರಿಯರು ಇದ್ದಾರಾ. ಇದನ್ನು ಬರೆಯಲು ನಾವು, ಆಶಾ ಕಾರ್ಯಕರ್ತೆಯರು ತಯಾರಿದ್ದೇವೆ. ಮನೆ ಮನೆ ಗೊತ್ತಿರುವುದು ನಮಗೇ ಅಲ್ವಾ? ಆ ಪಟ್ಟಿ ಹೋಗುವ ಊರಿನ ಅಧಿಕಾರಿಗಳಿಗೆ ಮುಂಚಿತವಾಗಿ ಮುಟ್ಟಬೇಕು. ದೊಡ್ಡ ಮಕ್ಕಳಿಗೆ ಊರಲ್ಲೇ ಉಳಿದು ಓದಲು ಹಾಸ್ಟೆಲ್ ಬೇಕು, ಅದೂ ಬಸ್ಸು ಹತ್ತುವ ಮೊದಲೇ ತೆರೆದಿರಬೇಕು. ಜನವರಿಯಲ್ಲಿ ತೆರೆದರೆ ಯಾರಿಗೆ?

ಒಂದು ವಿನಂತಿ. ಈ ಪತ್ರವನ್ನು ನಮ್ಮ ಜಿಲ್ಲೆಯ ಪುಟದಲ್ಲಿ ಮಾತ್ರ ಹಾಕಬೇಡಿ, ಮಂಗಳೂರು, ಉಡುಪಿಯ ಓದುಗರಿಗೂ ಮುಟ್ಟಿಸಿ. ನಮ್ಮ ಕೂಸುಗಳು ಆರು ತಿಂಗಳು ಅಲ್ಲಿರುತ್ತವೆ.

– ಒಬ್ಬ ಅಂಗನವಾಡಿ ಕಾರ್ಯಕರ್ತೆ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ