ಬ್ಲೋವರ್ ನಿಲ್ಲಿಸಿದರೆ ಶುದ್ಧೀಕರಣವೇ ನಿಲ್ಲುತ್ತದೆ

ಮಾನ್ಯ ಸಂಪಾದಕರೇ,

ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಜಾಲರಿ ಚಿಂದಿ, ಪ್ಲಾಸ್ಟಿಕ್ಕನ್ನು ತಡೆಯುತ್ತದೆ. ಮರಳು ಮುಂದಿನ ತೊಟ್ಟಿಯ ತಳ ಸೇರುತ್ತದೆ. ಆದರೆ ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ತೆಗೆಯುವುದು ಗಾಳಿ ತೊಟ್ಟಿಯ ಬ್ಯಾಕ್ಟೀರಿಯಾಗಳೇ. ಅವುಗಳಿಗೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕರಗಿದ ಆಮ್ಲಜನಕ ಹಗಲೂ ರಾತ್ರಿ ಬೇಕು.

ವಿದ್ಯುತ್ ಉಳಿಸಲೆಂದು ಈ ತೊಟ್ಟಿಗೆ ಗಾಳಿ ಊದುವ ಯಂತ್ರವಾದ ಬ್ಲೋವರನ್ನು ರಾತ್ರಿಯಿಡೀ ನಿಲ್ಲಿಸುವುದು ದೊಡ್ಡ ತಪ್ಪು. ಈ ಬ್ಯಾಕ್ಟೀರಿಯಾಗಳು ಗುಂಪುಗೂಡಿದ ಕಂದು ಕೆಸರು ಕಪ್ಪಾಗಿ ನಾರುತ್ತದೆ. ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಿ, ಕೆಸರು ಹತ್ತಿಯಂತೆ ಉಬ್ಬಿ, ತಳ ಸೇರದೆ ನೀರಿನೊಂದಿಗೆ ಹೊರಹೋಗುತ್ತದೆ. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಬೆಳೆಯುವುದೇ ಬಲು ನಿಧಾನ. ಅವನ್ನು ಕಳೆದುಕೊಂಡರೆ ಚೇತರಿಕೆಗೆ ವಾರಗಳು ಹಿಡಿಯುತ್ತವೆ. ಆಮೇಲೆ ಕ್ಲೋರಿನ್ ಸುರಿದು ಸರಿಪಡಿಸುತ್ತೇವೆ ಎನ್ನುವುದು ಭ್ರಮೆ: ಉಳಿದ ಅಮೋನಿಯಾ ಕ್ಲೋರಿನನ್ನು ನುಂಗುತ್ತದೆ, ಕೆಸರಿನ ಕಣಗಳೊಳಗೆ ರೋಗಾಣುಗಳು ಅಡಗಿ ಬದುಕುತ್ತವೆ.

ಕೆಸರು ಚೆನ್ನಾಗಿ ತಳ ಸೇರುತ್ತದೆಯೇ ಎಂಬ ಪರೀಕ್ಷೆ ಸುಲಭ. 1 ಲೀಟರಿನ ಅಳತೆ ಜಾಡಿಗೆ ಗಾಳಿ ತೊಟ್ಟಿಯ ನೀರು ತುಂಬಿ 30 ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಕುಳಿತ ಕೆಸರಿನ ಮಿಲಿಲೀಟರ್ ಅಳತೆಯನ್ನು ಆ ಲೀಟರಿನಲ್ಲಿರುವ ತೇಲು ಘನಾಂಶದ (ಸೋಸಿ ಒಣಗಿಸಿದ ಕೆಸರಿನ) ಗ್ರಾಂಗಳಿಂದ ಭಾಗಿಸಿ. 100ರ ಆಸುಪಾಸಿದ್ದರೆ ಒಳ್ಳೆಯದು. 150 ದಾಟಿದರೆ ಮೊದಲು ಆಮ್ಲಜನಕ ಅಳೆಯಿರಿ. ಕುಳಿತ ಕೆಸರು ಗಂಟೆ ಎರಡು ಗಂಟೆಯಲ್ಲಿ ಗುಳ್ಳೆ ಸಮೇತ ಮೇಲೆದ್ದರೆ ಅದು ಸಾರಜನಕದ ಅನಿಲ. ಆಗ ಕೆಸರು ತಳ ಸೇರುವ ತಿಳಿ ತೊಟ್ಟಿಯಿಂದ ಅದನ್ನು ಬೇಗ ಗಾಳಿ ತೊಟ್ಟಿಗೆ ಹಿಂದಕ್ಕೆ ಪಂಪ್ ಮಾಡಬೇಕು.

ಹೆಚ್ಚುವರಿ ಕೆಸರನ್ನು ದಿನವೂ ಸ್ವಲ್ಪಸ್ವಲ್ಪ ತೆಗೆಯಿರಿ. ತಿಂಗಳಿಗೊಮ್ಮೆ ಒಟ್ಟಿಗೆ ಖಾಲಿ ಮಾಡಿದರೆ ಕೆಲಸ ಮಾಡುವ ಜೀವಿಗಳೂ ಅದರೊಂದಿಗೇ ಹೋಗುತ್ತವೆ.

– ಘಟಕ ನಿರ್ವಹಣಾ ತಂತ್ರಜ್ಞರು