ಮೂರು ಸಲ ಏಲಂ ಆದ ಕೋಳಿ

ಎಲ್ಲರಿಗೂ ವಂದನೆ. ನಾವು ಮಂಗಳೂರಿಗೆ ವಾಪಸ್ ಬಂದು ಮೂರು ವಾರ ಆಯ್ತು. ಫೋನ್ ಮಾಡಿದವರಿಗೆಲ್ಲ ತಿರುಗಿ ಮಾಡಲು ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಹೇಳಬೇಕಾದದ್ದನ್ನು ಇಲ್ಲೇ ಬರೆಯುತ್ತಿದ್ದೇನೆ.

ಕೀನ್ಯಾದ ಕಿಸುಮುವಿನಲ್ಲಿ ನಮ್ಮವರು, ನಾನು, ಎರಡು ಮಕ್ಕಳು, ಚರ್ಚಿನ ಸೇವೆಗೆಂದು ಹೋಗಿ ಹತ್ತು ವರ್ಷ ಇದ್ದೆವು. ವಿಕ್ಟೋರಿಯಾ ಸರೋವರದ ದಂಡೆಯ ಊರು ಅದು. ಹಗಲು ಹೊಲಿಗೆ ಕ್ಲಾಸ್, ಸಂಜೆ ಚರ್ಚಿನ ಹಾಲ್‌ನಲ್ಲಿ ಯೌವನಸ್ಥರಿಗೆ ಲೆಕ್ಕದ ಪಾಠ, ಶನಿವಾರ ಫುಟ್‌ಬಾಲ್. ಫಾರ್ಮ್ ಫೋರ್ ಅಂದರೆ ಹೆಚ್ಚುಕಡಿಮೆ ನಮ್ಮ ಪಿಯುಸಿ. ಅದು ಮುಗಿದ ಮೇಲೆ ಕಾಲೇಜಿಗೆ ಫೀಸ್ ಇಲ್ಲದೆ ಎಷ್ಟೋ ಹುಡುಗರು ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕ್, ಓಡಿಸಲು ನಿಲ್ಲುತ್ತಾರೆ. ನಮ್ಮ ಹಾಲ್‌ಗೆ ಬರುತ್ತಿದ್ದವರು ಜಾಸ್ತಿ ಅಂಥವರೇ.

ಮೊದಲು ನಮ್ಮ ಚರ್ಚಿನ ಸ್ತ್ರೀ ಸಂಘದ ಅಕ್ಕಂದಿರಿಗೆ ಥ್ಯಾಂಕ್ಸ್. ಹತ್ತು ವರ್ಷ ತಪ್ಪದೆ ಕಾಣಿಕೆ ಕಳಿಸಿದ್ದೀರಿ. ಯಾರಾದರೂ ನೈರೋಬಿಗೆ ಹೊರಟರೆ ಸಾಕು, ಅವರ ಬ್ಯಾಗಿನಲ್ಲಿ ಕುಚ್ಚಲಕ್ಕಿ, ಬಂಗುಡೆ ಪುಳಿಮುಂಚಿಗೆ ಮಸಾಲೆ ಪುಡಿ ತುರುಕಿದ್ದೀರಿ. ಒಣಮೀನು ಮಾತ್ರ ಬೇಕಾಗಲಿಲ್ಲ. ಅಲ್ಲಿ ಒಮೇನಾ ಅಂತ ಸರೋವರದ ಸಣ್ಣ ಮೀನು ಒಣಗಿಸಿ ಡಬ್ಬದಲ್ಲಿ ಅಳೆದು ಮಾರುತ್ತಾರೆ. ಮೊದಲ ದಿನ ಮಾರ್ಕೆಟ್‌ನಲ್ಲಿ ಆ ವಾಸನೆ ಬಂದಾಗ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಬಂದರಿನದೇ ವಾಸನೆ!

ಸ್ವಾಹಿಲಿ ಕಲಿಸಿದ್ದು ಫುಟ್‌ಬಾಲ್ ಹುಡುಗರು. ನಾನು ತಪ್ಪು ಮಾತಾಡಿದರೆ ಬಿದ್ದು ಬಿದ್ದು ನಗೋರು, ಆಮೇಲೆ ತಿದ್ದೋರು. ಬಾಸೆಲ್ ಮಿಷನ್‌ನವರು 1834ರಲ್ಲಿ ನಮ್ಮ ಊರಿಗೆ ಬಂದರು, ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು ಅಂತ ಸಂಡೇ ಸ್ಕೂಲ್‌ನಿಂದ ಕೇಳುತ್ತಾ ಬೆಳೆದವಳು ನಾನು. ಆ ದೊರೆಗಳು ತಪ್ಪು ತಪ್ಪು ಕನ್ನಡ ಮಾತಾಡಿದಾಗ ನಕ್ಕು ತಿದ್ದಿದವರು ಯಾರಿರಬಹುದು ಅಂತ ಯೋಚನೆ ಬಂದದ್ದು ಕಿಸುಮುವಿಗೆ ಹೋದ ಮೇಲೆಯೇ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಪರೀಕ್ಷೆಯ ತರಗತಿಗಳು ಅಕ್ಟೋಬರ್‌ನಲ್ಲಿ ಶುರುವಾದವು, ಉಳಿದ ಮಕ್ಕಳು ಹೋದದ್ದು 2021ರ ಜನವರಿಗೆ. ಹಾಲ್‌ಗೆ ಬೀಗ. ಊರಿಂದ ಬರುವ ಹಣವೂ ತಡವಾಯ್ತು. ಆಗ ನಮ್ಮ ಗೇಟಿನ ಹತ್ತಿರದ ಮಾಮಾ ಮ್ಬೋಗಾ, ಅಂದರೆ ತರಕಾರಿ ಅಮ್ಮ, ದಿನಾ ಒಂದು ಕಟ್ಟು ಸುಕುಮಾ ವಿಕಿ ಸೊಪ್ಪು ಸಾಲ ಕೊಟ್ಟರು. ಆ ಹೆಸರಿನ ಅರ್ಥವೇ 'ವಾರ ತಳ್ಳು' ಅಂತ. ನಾವು ತಿಂಗಳುಗಟ್ಟಲೆ ತಳ್ಳಿದೆವು. ಸಾಲದ ಲೆಕ್ಕ ಬರೆದಿಟ್ಟಿದ್ದೀರಾ ಅಂತ ಆಮೇಲೆ ಕೇಳಿದರೆ, ಬರೆಯೋಕೆ ಪೆನ್ ಎಲ್ಲಿತ್ತು ಅಂದರು.

ಇನ್ನು 2022ರ ಮೇ ತಿಂಗಳು. ನಮ್ಮವರಿಗೆ ಮಲೇರಿಯಾ ಮೆದುಳಿಗೆ ಏರಿತು. ಹನ್ನೊಂದು ದಿನ ಆಸ್ಪತ್ರೆ. ಅವರು ಕಣ್ಣು ಬಿಟ್ಟು ಮಾತಾಡಿದ ಮಾರನೇ ದಿನವೇ ಬಿಲ್ ಬಂತು, ಪೂರ್ತಿ ಕಟ್ಟದೆ ಮನೆಗೆ ಬಿಡಲ್ಲ ಅಂದರು. ಊರಿಗೆ ಫೋನ್ ಮಾಡೋಣ ಅಂದರೆ ಇಲ್ಲಿ ರಾತ್ರಿ ಒಂದೂವರೆ. ನಾನು ಕಾರಿಡಾರ್‌ನಲ್ಲಿ ಸುಮ್ನೆ ಕೂತಿದ್ದೆ.

ಹುಡುಗರು ನನ್ನನ್ನು ಕೇಳಲೇ ಇಲ್ಲ, ಹರಾಂಬೆ ಇಟ್ಟುಬಿಟ್ಟರು. ಅಲ್ಲಿ ಮದುವೆಗೆ, ಸಾವಿಗೆ, ಫೀಸಿಗೆ ಎಲ್ಲರೂ ಸೇರಿ ಹಣ ಕೂಡಿಸುವುದಕ್ಕೆ ಹರಾಂಬೆ ಅನ್ನುತ್ತಾರೆ. ಹಾಲ್‌ನ ಮಧ್ಯೆ ಒಂದು ನೀಲಿ ಪ್ಲಾಸ್ಟಿಕ್ ಬೇಸಿನ್. ಒಬ್ಬ ಮೈಕ್ ಹಿಡಿದು ಹೆಸರು, ಮೊತ್ತ ಕೂಗುತ್ತಿದ್ದ: ಐವತ್ತು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗ್, ಒಂದು ಕೋಳಿ. ಕೋಳಿ ತಂದವರು ಅದೇ ತರಕಾರಿ ಅಮ್ಮ. ನಮ್ಮ ಚರ್ಚಿನ ಬೆಳೆ ಹಬ್ಬದಲ್ಲಿ ಕುಂಬಳಕಾಯಿ ಏಲಂ ಹಾಕ್ತೇವಲ್ವಾ, ಹಾಗೇ ಕೋಳಿ ಏಲಂ ಆಯ್ತು. ಬೋಡಾ ಬೋಡಾದ ಹುಡುಗ ಒಬ್ಬ ಆರುನೂರಕ್ಕೆ ಹಿಡಿದ. ದುಡ್ಡು ಬೇಸಿನ್‌ಗೆ ಹಾಕಿ, ಕೋಳಿಯನ್ನು ವಾಪಸ್ ಮೇಜಿನ ಮೇಲಿಟ್ಟು, ಇನ್ನೊಂದು ಸಲ ಕೂಗಿ ಅಂದ. ಹೀಗೆ ಮೂರು ಸಲ. ಕಾಲು ಕಟ್ಟಿದ ಆ ಕೋಳಿ ಯಾರು ಎತ್ತಿದರೂ ಕಿರುಚುತ್ತಿತ್ತು, ಜನ ನಗುತ್ತಿದ್ದರು, ನಾನು ಅಳುತ್ತಿದ್ದೆ. ಕೊನೆಗೆ ಹಿಡಿದವನು ಅದನ್ನು ನನ್ನ ಕೈಗೇ ಕೊಟ್ಟ. ಬಿಲ್‌ನ ಅರ್ಧಕ್ಕಿಂತ ಜಾಸ್ತಿ ಆ ಬೇಸಿನ್‌ನಿಂದ ಬಂತು. ಉಳಿದದ್ದು ನಿಮ್ಮಿಂದ.

ಈಗ ಒಂದು ತಪ್ಪೊಪ್ಪಿಗೆ. ವರ್ಷಕ್ಕೆ ಎರಡು ಸಲ ನಿಮಗೆ ವರದಿ ಕಳಿಸುತ್ತಿದ್ದೆವು. ಅದರಲ್ಲಿ ಬಡ ಮಕ್ಕಳು, ನಮ್ಮ ಸಹಾಯ, ಹೊಲಿಗೆ ಯಂತ್ರದ ಮುಂದೆ ಫೋಟೋ. ಸುಳ್ಳೇನಲ್ಲ. ಆದರೆ ಸೊಪ್ಪಿನ ಸಾಲ, ಈ ಬೇಸಿನ್, ಯಾವುದನ್ನೂ ಬರೆಯಲಿಲ್ಲ. ಬರೆದರೆ ಇವರು ಅಲ್ಲಿ ಹೋಗಿ ಮಾಡುತ್ತಿರುವುದಾದರೂ ಏನು ಅಂತ ನೀವು ಕೇಳಬಹುದು ಅನ್ನುವ ಭಯ ಇತ್ತು. ಅದಕ್ಕೆ ಆ ಹುಡುಗ ಹುಡುಗಿಯರಿಗೆ ಹೇಳಬೇಕಾದ ಥ್ಯಾಂಕ್ಸ್ ನಿಮ್ಮೆಲ್ಲರ ಮುಂದೆ ಈಗ ಹೇಳುತ್ತಿದ್ದೇನೆ. ಅವರ ಲುವೋ ಭಾಷೆಯಲ್ಲಿ, ಎರೋಕಮಾನೋ. ದೇವರಿಗೆ ಸ್ತೋತ್ರ.

ಕೋಳಿಯನ್ನು ಕೊಯ್ಯಲು ನಮಗೆ ಮನಸ್ಸು ಬರಲಿಲ್ಲ. ಎರಡು ವರ್ಷ ಮೊಟ್ಟೆ ಇಟ್ಟಿತು. ಹೊರಡುವಾಗ ತರಕಾರಿ ಅಮ್ಮನಿಗೇ ಕೊಟ್ಟು ಬಂದೆವು. ಮೊನ್ನೆ ವಾಟ್ಸಾಪ್‌ನಲ್ಲಿ ಅವರ ದನಿ ಬಂತು: ಪೋಲೆ ಮಾಮಾ, ಅಂದರೆ ಬೇಜಾರು ಮಾಡ್ಕೋಬೇಡಿ ಅಮ್ಮ, ಭಾನುವಾರ ನೆಂಟರು ಬಂದಿದ್ದರು, ಸಾರು ಚೆನ್ನಾಗಿತ್ತು. ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಚಿಕ್ಕವಳು ಮಾತ್ರ ಇನ್ನೂ ಅವರ ಮೇಲೆ ಕೋಪದಲ್ಲಿದ್ದಾಳೆ.