ಎರಡನೆಯ ವೃತ್ತಿಯ ಹೊಸ್ತಿಲಲ್ಲಿರುವ ಮಗಳಿಗೊಂದು ಪತ್ರ

ಬೆಳಗಾವಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸೈನ್ಯದಲ್ಲಿ ನಿಗದಿತ ಅವಧಿಗೆ ಅಧಿಕಾರಿಯಾಗಿರುವ ನಿನ್ನ ಶಾರ್ಟ್ ಸರ್ವಿಸ್ ಕಮಿಷನ್ನಿನ 10 ವರ್ಷಗಳು ಮುಗಿಯುತ್ತ ಬಂದವೆಂದೂ, ಇನ್ನೂ 4 ವರ್ಷ ಮುಂದುವರಿಯಲು ಮನಸ್ಸಿಲ್ಲವೆಂದೂ, ಪಿಂಚಣಿಯ ಆಸರೆಯಿಲ್ಲದೆ ಹೊರಬಂದು ವ್ಯಾಪಾರ ಕಲಿಯಲು ವಯಸ್ಸು ಮೀರಿತೇನೋ ಎಂಬ ಅಳುಕು ಕಾಡುತ್ತಿದೆಯೆಂದೂ ಬರೆದಿದ್ದೀಯೆ. ನಿನ್ನ ಪತ್ರ ಓದಿದಾಗ ನನಗೆ ನೆನಪಾದವರು ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ ಹೋಟೆಲು ಕಟ್ಟಿಸಿದವರೆಂದು ಅವರ ಹೆಸರನ್ನು ನೀನು ಕೇಳಿರುತ್ತೀಯೆ. ಆದರೆ ಅವರು ನಮ್ಮ ಊರಿನಲ್ಲೇ ರೆಜಿಮೆಂಟ್ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಕ್ಯಾಪ್ಟನ್ ಆಗಿದ್ದರೆಂಬುದು, ಅದಕ್ಕೂ ಮೊದಲು ಸೈನ್ಯದ ಸಂಪರ್ಕ ವಿಭಾಗವಾದ ನಿನ್ನ ಸಿಗ್ನಲ್ಸ್‌ನವರಂತೆಯೇ ವೈರ್‌ಲೆಸ್ ಕೆಲಸದಲ್ಲಿದ್ದರೆಂಬುದು ಪ್ರಾಯಶಃ ನಿನಗೆ ತಿಳಿದಿರಲಿಕ್ಕಿಲ್ಲ.

ಅವರು 1922ರ ಫೆಬ್ರುವರಿ 9ರಂದು ಮಲಬಾರಿನ ಕಣ್ಣೂರಿನ ಕಡೆ ಹುಟ್ಟಿದರು. ಉಳ್ಳವರ ಮನೆಯೇನಲ್ಲ, ಓದು ಸಾಗಿದ್ದು ಚಿರಕ್ಕಲ್ ಅರಸರು ಕೊಟ್ಟ ವಿದ್ಯಾರ್ಥಿವೇತನದಿಂದ. ಸ್ವಾತಂತ್ರ್ಯ ಹೋರಾಟದ ಸೆಳೆತಕ್ಕೂ ಒಳಗಾಗಿದ್ದ ಆ ಹುಡುಗ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಿ, ಈಗ ಪಾಕಿಸ್ತಾನದಲ್ಲಿರುವ ಅಬೋಟಾಬಾದಿನಲ್ಲಿ ಕೆಲಸಕ್ಕೆ ನಿಂತರು. 1950ರಲ್ಲಿ ಕಣ್ಣೂರಿನ ನೇಯ್ಗೆ ಗಿರಣಿಯೊಂದರ ಮಾಲೀಕರ ಮಗಳು ಲೀಲಾ ಅವರನ್ನು ಮದುವೆಯಾದರು. ಮರುವರ್ಷವೇ ಸಮವಸ್ತ್ರ ಕಳಚಿ ಮಾವನವರ ವ್ಯವಹಾರಕ್ಕೆ ಬಂದರು. ಆಗ ಅವರಿಗೆ 29 ವರ್ಷ. ನಿನಗಿಂತ ತುಸು ಚಿಕ್ಕವರು ಅಷ್ಟೆ.

ಕಣ್ಣೂರು ಹಳೆಯ ನೇಯ್ಗೆಯ ಊರು. ನಮ್ಮ ಮಂಗಳೂರಿನಲ್ಲಿ ಮಗ್ಗಗಳನ್ನು ಹಾಕಿಸಿದ ಬಾಸೆಲ್ ಮಿಷನ್ನಿನವರು ಅಲ್ಲಿಯೂ ಕಾರ್ಖಾನೆ ನಡೆಸಿದ್ದರು. ಹಾಗಾಗಿ ನೇಯುವ ಕೈಗಳಿಗೆ ಅಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಕೊಳ್ಳುವವರಿಗೆ. ನಾಯರ್ ತಮ್ಮ ಶಕ್ತಿಯನ್ನೆಲ್ಲ ಹಾಕಿದ್ದು ಅಲ್ಲಿ. ಕೈಮಗ್ಗದ ಬಟ್ಟೆಗೆ ಮಾರುಕಟ್ಟೆ ಹುಡುಕುತ್ತ ಅವರು ಓಡಾಡಿದರು. ಅಖಿಲ ಭಾರತ ಕೈಮಗ್ಗ ಮಂಡಳಿ ರೂಪುಗೊಳ್ಳುವುದಕ್ಕೂ ದುಡಿದರು.

1958ರ ಸಂಗತಿಯೊಂದನ್ನು ಮಾತ್ರ ನೀನು ವಿವರವಾಗಿ ತಿಳಿಯಬೇಕು. ಅಮೆರಿಕದ ಆಮದು ವ್ಯಾಪಾರಿ ವಿಲಿಯಂ ಜೇಕಬ್ಸನ್, ನಾಯರ್ ಅವರಿಂದ ಮದ್ರಾಸ್ ಚೌಕಳಿ ಬಟ್ಟೆಯನ್ನು ಕೊಂಡು ಬ್ರೂಕ್ಸ್ ಬ್ರದರ್ಸ್ ಎಂಬ ಹೆಸರಾಂತ ಉಡುಪಿನ ಕಂಪನಿಗೆ ಮಾರಿದರು. ಸಸ್ಯಮೂಲದ ಬಣ್ಣವಾದ್ದರಿಂದ ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕೆಂದು ನಾಯರ್ ಹೇಳಿದ್ದ ಮಾತು ಗಿರಾಕಿಗಳವರೆಗೆ ತಲುಪಲೇ ಇಲ್ಲ. ಬಟ್ಟೆ ಬಣ್ಣ ಬಿಟ್ಟಿತು, ದೂರುಗಳು ಬಂದವು, ಜೇಕಬ್ಸನ್ ಮೊಕದ್ದಮೆಯ ಬೆದರಿಕೆಯೊಂದಿಗೆ ಭಾರತಕ್ಕೇ ಬಂದಿಳಿದರು. ಮುಂದೆ ಆದದ್ದು ಸೋಜಿಗ. ಒಗೆದಾಗಲೆಲ್ಲ ಬಣ್ಣಗಳು ಒಂದರೊಳಗೊಂದು ಕರಗಿ ಹೊಸ ಛಾಯೆ ಪಡೆಯುವ ಕೈನೇಯ್ಗೆಯ ಬಟ್ಟೆಯೆಂದು ಅಮೆರಿಕದ ಪತ್ರಿಕೆಯೊಂದು ಅದನ್ನು ಪುಟಗಟ್ಟಲೆ ಹೊಗಳಿತು. ‘ಬ್ಲೀಡಿಂಗ್ ಮದ್ರಾಸ್’, ಅಂದರೆ ಬಣ್ಣ ಬಿಡುವ ಮದ್ರಾಸ್, ಎಂಬ ಹೆಸರಿನಲ್ಲಿ ಅದೇ ಬಟ್ಟೆ ಅಲ್ಲಿನ ಯುವಜನರ ಅಚ್ಚುಮೆಚ್ಚಿನದಾಯಿತು. ಅದೃಷ್ಟ ಎಂದುಬಿಡುವುದು ಸುಲಭ. ನನ್ನ ಮಟ್ಟಿಗೆ, ಒಗೆಯುವ ಕ್ರಮವನ್ನು ಮೊದಲೇ ಸ್ಪಷ್ಟವಾಗಿ ಹೇಳಿಟ್ಟಿದ್ದ ಮನುಷ್ಯನಿಗೆ ಆಪತ್ತಿನಲ್ಲಿ ತಲೆಯೆತ್ತಿ ನಿಲ್ಲುವ ಹಕ್ಕಿತ್ತು. ಸಂದೇಶವನ್ನು ತಪ್ಪಿಲ್ಲದೆ ದಾಟಿಸುವ ನಿನ್ನ ಹತ್ತು ವರ್ಷಗಳ ಅಭ್ಯಾಸ ವ್ಯಾಪಾರಕ್ಕೆ ಬಾರದ ವಿದ್ಯೆಯೆಂದು ಇನ್ನು ಮುಂದೆ ಬರೆಯಬೇಡ.

ಹೋಟೆಲು ಅವರ ಬದುಕಿಗೆ ಬಂದದ್ದು ಬಹಳ ತಡವಾಗಿ. ಮುಂಬಯಿಯ ಸಹಾರ್ ವಿಮಾನ ನಿಲ್ದಾಣದ ಬಳಿ ಮೊದಲ ಹೋಟೆಲು ಬಾಗಿಲು ತೆರೆದಾಗ ಅವರಿಗೆ 65ರ ಆಸುಪಾಸು. ಮೈಸೂರು ಅರಮನೆಯ ಶೈಲಿಯನ್ನು ನೆನಪಿಸುವ ಬೆಂಗಳೂರಿನ ಹೋಟೆಲು 2001ರಲ್ಲಿ ತೆರೆಯುವಾಗ 80 ಸಮೀಪಿಸಿತ್ತು. ಎಲ್ಲದಕ್ಕೂ ಹೆಂಡತಿಯ ಹೆಸರು. ಇದನ್ನು ಬರಿಯ ಪ್ರೀತಿಯ ಕುರುಹೆಂದು ನಾನು ಓದುವುದಿಲ್ಲ. ಲೀಲಾ ಅವರ ತವರಿನ ಮಗ್ಗಗಳಿಂದಲೇ ಆ ಮನೆಯ ವ್ಯಾಪಾರ ಬೆಳೆದದ್ದು. ಆ ಋಣವನ್ನು ಪತಿ ಎಲ್ಲರಿಗೂ ಕಾಣುವಂತೆ ಬರೆಸಿದರು. ಮಕ್ಕಳಾದ ವಿವೇಕ್ ಮತ್ತು ದಿನೇಶ್ ಅದೇ ಉದ್ಯಮದಲ್ಲಿ ಬೆಳೆದರು. 2010ರಲ್ಲಿ ಪದ್ಮಭೂಷಣ ಬಂತು. 2013ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟು, 2014ರ ಮೇ 17ರಂದು ಮುಂಬಯಿಯಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು ಮಾತನ್ನು ಮುಚ್ಚಿಡುವುದು ತಂದೆಯಾದವನಿಗೆ ಸಲ್ಲದು. ಅದ್ದೂರಿ ಹೋಟೆಲುಗಳಿಗಾಗಿ ಮಾಡಿದ ಸಾಲ ಸಂಸ್ಥೆಯ ಮೇಲೆ ಭಾರವಾಗಿ ಕೂತಿತು. ಅವರು ಹೋದ ಐದು ವರ್ಷಕ್ಕೆ, 2019ರಲ್ಲಿ, ಬೆಂಗಳೂರಿನದೂ ಸೇರಿ ನಾಲ್ಕು ಹೋಟೆಲುಗಳು 3,950 ಕೋಟಿ ರೂಪಾಯಿಗೆ ಕೆನಡಾದ ಬ್ರೂಕ್‌ಫೀಲ್ಡ್ ಕಂಪನಿಯ ಪಾಲಾದವು. ಅವರ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಅವರ ಸಾಲದ ಪ್ರಮಾಣವನ್ನು ಮೆಚ್ಚಲಾರೆ.

ಆದ್ದರಿಂದ ವಯಸ್ಸಿನ ಚಿಂತೆಯನ್ನು ಬದಿಗಿಟ್ಟು, ಮುಂದಿನ ರಜೆಗೆ ಬರುವಾಗ ನಿನ್ನ ಯೋಜನೆಯ ಖರ್ಚು, ಬಂಡವಾಳ ಮತ್ತು ಸಾಲದ ಅಂದಾಜನ್ನು ಬರೆದುಕೊಂಡು ಬಾ. ಅಳಿಯಂದಿರನ್ನೂ ನಿನ್ನ ಅಮ್ಮನನ್ನೂ ಜೊತೆಗೆ ಕೂರಿಸಿಕೊಂಡು, ಸಾಲದ ಅಂಕಣದಿಂದಲೇ ಓದಲು ಆರಂಭಿಸೋಣ.

ಇಂತಿ ನಿನ್ನ ಪ್ರೀತಿಯ,
ಅಪ್ಪ